ಮಷೀನ್ದಾಗ ಗುಂಡಿ ಹಚ್ಚಿದ್ರ ಸೂಜಿ ಮುರೀತದ, ಡಿಸೈನ್ ಹಾಕಿದ್ರ ಬಟ್ಟಿ ಮುದುಡ್ತದ, ಏನ್ ಮಾಡ್ಬೇಕು?

ಅಕ್ಕಾರೆ, ಎರಡೂ ಆಗೋ ಕೆಲಸಾನೇ ಅವ. ನಾನು ಕಲಬುರಗಿದಾಗ ಮನ್ಯಾಗೇ ಜಂಪರ್, ಫ್ರಾಕ್ ಹೊಲಿತೀನಿ, ನನಗ ತಿಳಿದಷ್ಟು ಹೇಳ್ತೀನಿ. ಮೊದಲ್ ನಿಮ್ಮ ಮಷೀನ್ ಜಿಗ್‌ಜಾಗ್ ಇರಬೇಕು, ಹಳೀ ಕರೀ ಮಷೀನ್ದಾಗ ಸೂಜಿ ಎಡಕ್ಕ ಬಲಕ್ಕ ಸರಿಯಂಗಿಲ್ಲ, ಅದರಾಗ ಗುಂಡಿ ಆಗಂಗಿಲ್ಲ.

ಸೂಜಿ ಮುರಿಯೋದು ಯಾಕಂದ್ರ ಅದು ತೂತಿನಾಗ ಇಳೀದೆ ಗುಂಡಿಗೆ ಬಡೀತದ. ಬಟ್ಟಿ ಮುಂದ ತಳ್ಳೋ ಹಲ್ಲು ಇರ್ತಾವಲ್ರಿ, ಅವನ್ನ ಲಿವರ್‌ಲಿಂದ ಕೆಳಗ ಇಳಿಸ್ರಿ, ಲಿವರ್ ಇಲ್ಲಂದ್ರ ಹೊಲಿಗಿ ಉದ್ದ 0 ಇಡ್ರಿ. ಬಟ್ಟಿ ಒತ್ತಿ ಹಿಡಿಯೋ ಫೂಟಿನ ಕೆಳಗ ಗುಂಡಿ ಇಟ್ಟು ಹಿಡಿಸಿ, ಜಿಗ್‌ಜಾಗ್ ಅಗಲ ಗುಂಡಿ ತೂತಿನ ಅಂತರದಷ್ಟು ಇಡ್ರಿ, ಅಂಗಿ ಗುಂಡಿಗೆ ಹೆಚ್ಚಾಗಿ 3ರಿಂದ 4 ಮಿ.ಮೀ. ಸಾಕಾಗ್ತದ. ಈಗ ಮೋಟಾರ್ ಮುಟ್ಟಬ್ಯಾಡ್ರಿ, ಚಕ್ರ ಕೈಲಿಂದ ನಿಮ್ಮ ಕಡೆ ತಿರುವ್ರಿ, ಸೂಜಿ ಎಡ ತೂತಿನಾಗ ಇಳೀಲಿ, ಎದ್ದು ಬಲ ತೂತಿನಾಗ ಇಳೀಲಿ, ಅಂಚಿಗೆ ಒಂಚೂರು ತಾಗಿದ್ರೂ ಅಗಲ ಸರಿ ಮಾಡ್ರಿ, ಇದೊಂದು ಬಿಟ್ರ ಸೂಜಿ ಮುರಿಯೋದು ತಪ್ಪಂಗಿಲ್ಲ. ಆಮ್ಯಾಲ ನಿಧಾನಕ್ಕ ಎಂಟ್ಹತ್ತು ಹೊಲಿಗಿ ಹಾಕಿ, ದಾರ ಉದ್ದ ಬಿಟ್ಟು ಕತ್ತರಿಸಿ, ಮ್ಯಾಲಿನ ದಾರ ಹಿಂದಕ್ಕ ಎಳದು ಗಂಟ ಹಾಕ್ರಿ. ಗಂಟ ಹಾಕ್ದೇ ಬಿಟ್ರ ಗುಂಡಿ ಬಿಚ್ಕೊಂಡು ಬರ್ತದ. ದಪ್ಪ ಬಟ್ಟಿ ಇದ್ರ ಎರಡ್ ತೂತಿನ ನಡುವ ಕಡ್ಡಿಪೆಟ್ಟಿಗಿ ಕಡ್ಡಿ ಇಟ್ಟು ಅದರ ಮ್ಯಾಲ ಹೊಲೀರಿ, ಕಡ್ಡಿ ತಗದ್ರ ಗುಂಡಿ ಸಡಿಲಾಗಿ ಕಾಜಾದಾಗ ಸಲೀಸ ಕೂಡ್ತದ.

ಡಿಸೈನಿಗೆ ಮರೀದೇ ಹಲ್ಲು ಮತ್ತ ಮ್ಯಾಲ ಎತ್ರಿ, ಇಲ್ಲಂದ್ರ ಬಟ್ಟಿ ಮುಂದ ಹೋಗಂಗಿಲ್ಲ. ಫ್ರಾಕಿನ ತೆಳು ಕಾಟನ್ ಮುದುಡೋದು ಕೆಳಗ ಆಧಾರ ಇಲ್ಲಂತ. ಬಿಳಿ ಹಾಳಿ ಇಟ್ಟು ಹೊಲೀರಿ, ಆಮ್ಯಾಲ ಮೆಲ್ಲಕ ಹರದು ತಗೀರಿ, ನ್ಯೂಸ್‌ಪೇಪರ್ ಬ್ಯಾಡ, ಮಸಿ ಹತ್ತತದ. ಹೊಲಿಗಿ ಅಂಚಿನ್ಯಾಗ ಬಾಬಿನ್ (ಕೆಳಗಿನ ಉರುಳಿ) ದಾರದ ಬಿಳಿ ಚುಕ್ಕಿ ಮ್ಯಾಲ ಕಾಣಿಸಿದ್ರ ಮ್ಯಾಲಿನ ದಾರದ ಟೆನ್ಷನ್ ಬಿಗಿ ಅದ ಅಂತ, 4 ಇದ್ದದ್ದು 3ಕ್ಕ ಇಳಿಸ್ರಿ. ಸಂದಿಲ್ಲದಂಗ ಒತ್ತೊತ್ತಾಗಿ ತುಂಬಿದ ಹೊಲಿಗಿ ಬೇಕಂದ್ರ ಜಿಗ್‌ಜಾಗ್ ಉದ್ದ 0.5 ಮಿ.ಮೀ. ಹತ್ರ ಇಡ್ರಿ. ಬಟ್ಟಿ ಹಿಂದಿಂದ ಎಳೀಬ್ಯಾಡ್ರಿ, ದಾರೀ ತೋರಿಸ್ರಿ ಅಷ್ಟೇ. ಹೊಳಪಿನ ಡಿಸೈನ್ ದಾರ ನಮ್ಮ ಕಲಬುರಗಿ ಸೂಪರ್ ಮಾರ್ಕೆಟ್ ಬಜಾರದ ಕಡೆ ಬೇಕಾದ ಬಣ್ಣದಾಗ ಸಿಗ್ತದ, ಬಾಬಿನ್ನಿಗೆ ಸಾದಾ ದಾರ ಸಾಕು.

ಹಲ್ಲು ಇಳಿಸೋ ಲಿವರ್ ಎಲ್ಲಿ ಅದ ಗೊತ್ತಾಗಲಿಲ್ಲಂದ್ರ ಮಷೀನ್ ಮಾಡೆಲ್ ಬರೀರಿ, ನೋಡಿ ಹೇಳ್ತೀನಿ.