ಪಾಮಿರ್ ದಾರಿಗೆ 32 ಮಿ.ಮೀ. ಟೈರ್ ಸಾಕಾ?

ರೇಷ್ಮೆ ದಾರಿಯ ಪಾಮಿರ್ ಪರ್ವತದ ಭಾಗವನ್ನು, ಕಿರ್ಗಿಸ್ತಾನದ ಓಶ್‌ನಿಂದ ತಜಿಕಿಸ್ತಾನದ ದುಶಾಂಬೆವರೆಗೆ, 32 ಮಿ.ಮೀ. ಟೈರಿನ ಸೈಕಲ್ಲಿನಲ್ಲಿ ಮುಗಿಸಬಹುದಾ ಅಂತ ಕೇಳಿದ್ದೀರಿ. ಮುಗಿಸಬಹುದು, ಆದರೆ ಸುಮ್ನೆ ಯಾಕೆ ಕಷ್ಟ? ಕನಿಷ್ಠ 45 ಹಾಕಿ. ಡಾಂಬರು ಹೋದ ಕಡೆ ರಸ್ತೆ ತಗಡಿನ ಶೀಟಿನ ಹಾಗೆ ಅಲೆಯಲೆಯಾಗಿರುತ್ತದೆ. ಹ್ಯಾಂಡಲ್ ಹಿಡಿದ ಬೆರಳು ಜೋಮು ಹಿಡಿಯುತ್ತವೆ, ಕ್ಯಾರಿಯರ್ ಸ್ಕ್ರೂ ತಾನಾಗೇ ಸಡಿಲವಾಗುತ್ತದೆ. ದಿನಾ ಸಂಜೆ ಬಿಗಿ ಮಾಡಿ.

ನನಗೆ ಟೈರಿಗಿಂತ ಎತ್ತರದ್ದೇ ಜಾಸ್ತಿ ಚಿಂತೆ. ಓಶ್ ಇರುವುದು ಸುಮಾರು 1000 ಮೀಟರಿನಲ್ಲಿ, ದಾರಿಯಲ್ಲಿ ಸಿಗುವ ಅಕ್-ಬೈತಾಲ್ ಘಟ್ಟ 4655ರಲ್ಲಿ! ನಡುವಿನ ಹಳ್ಳಿ ಸಾರಿ-ತಾಶ್‌ನಲ್ಲಿ ಎರಡು ರಾತ್ರಿ ಉಳಿಯಿರಿ. ತಲೆನೋವು ಬಂದರೆ ಮೇಲೆ ಹತ್ತಲೇಬೇಡಿ.

ದಾರಿ ಹಾದುಹೋಗುವ ತಜಿಕಿಸ್ತಾನದ ಗೋರ್ನೋ-ಬದಖ್ಶಾನ್ ಪ್ರಾಂತ್ಯಕ್ಕೆ ಪರ್ಮಿಟ್ ಬೇರೆಯೇ ಬೇಕು. ಎರಡು ದೇಶಗಳ ನಡುವಿನ ಗಡಿ ತೆರೆದಿದೆಯಾ ಅಂತಲೂ ಹೊರಡುವ ಮುಂಚೆ ನೋಡಿಕೊಳ್ಳಿ.