ಹುಡುಗರು ಯಾಕೆ ನಿಲ್ಲಲ್ಲ?

ಪತ್ರ: ಹರಿಹರದಲ್ಲಿ ನಮ್ಮದೊಂದು ಸಣ್ಣ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಲೋಹ ಕೊರೆಯುವ ಯಂತ್ರಗಳ) ಘಟಕ. ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುತ್ತೇವೆ. ಐಟಿಐ, ಡಿಪ್ಲೊಮಾ ಹುಡುಗರು ಬರುತ್ತಾರೆ, ಕಲಿಯುತ್ತಾರೆ, ಎರಡು ವರ್ಷಕ್ಕೆ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೊರಡುತ್ತಾರೆ. ಅದಕ್ಕೇ ಈಗ ಅವರ ಅಸಲಿ ಅಂಕಪಟ್ಟಿ ಇಟ್ಟುಕೊಳ್ಳುತ್ತಿದ್ದೇವೆ. ನಮ್ಮ ಕಷ್ಟವನ್ನೂ ಸ್ವಲ್ಪ ಬರೆಯಿರಿ.
– ಒಬ್ಬ ಉದ್ಯಮಿ, ಹರಿಹರ

ಉತ್ತರ: ನಿಮ್ಮ ಕಷ್ಟ ಸುಳ್ಳಲ್ಲ, ಸ್ವಾಮಿ. ಸಣ್ಣ ಘಟಕಗಳಿಂದ ಮಾಲು ಕೊಂಡವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಹೇಳುತ್ತದೆ. ಅದನ್ನು ದೊಡ್ಡ ಗಿರಾಕಿಗೆ ನೆನಪಿಸಿದರೆ ಮುಂದಿನ ಆರ್ಡರ್ ಬರುತ್ತೋ ಇಲ್ಲವೋ ಅನ್ನೋ ಭಯ ನಿಮಗೆ. ಹೀಗಿದ್ದಾಗ ಸಂಬಳ ಏರಿಸಲು ಕೈ ಬರಲ್ಲ, ಒಪ್ಪಿದೆ.

ಆದರೆ ಅಂಕಪಟ್ಟಿಯ ಮಾತು ಓದಿ ಬೇಜಾರಾಯಿತು. ಅದು ಅವನು ಓದಿ ಗಳಿಸಿದ್ದು. ನಿಮ್ಮ ಬೀರುವಿನಲ್ಲಿ ಅದಕ್ಕೇನು ಕೆಲಸ?

ಹೋದ ವರ್ಷ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿಗೆ ಹೋಗಿದ್ದೆ. ಹುಡುಗನೊಬ್ಬ ಮೈಕ್ರೋಮೀಟರ್ ಹಿಡಿದು ಬುಷ್ ಅಳೆಯುತ್ತಿದ್ದ. ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ, ತಿರುಗಿಸಿ, ಎರಡು ಕಡೆ ಅಳೆದು ಟ್ರೇಗೆ ಇಡುತ್ತಿದ್ದ. ಎದುರಿಗಿದ್ದ ಡ್ರಾಯಿಂಗ್‌ನಲ್ಲಿ ಗಿರಾಕಿ ಕಂಪನಿಯ ಹೆಸರಿದ್ದ ಮೂಲೆಗೆ ಕಪ್ಪು ಟೇಪ್ ಅಂಟಿಸಿದ್ದರು. ‘ಇದು ಎಲ್ಲಿಗೆ ಹೋಗುತ್ತಪ್ಪಾ?’ ಅಂದೆ. ‘ಗೊತ್ತಿಲ್ಲ ಸರ್, ಗಾಡಿ ಬಂದು ಒಯ್ಯುತ್ತೆ’ ಅಂದ. ಹೆಸರು ಗೊತ್ತಾದರೆ ಅಲ್ಲಿಗೇ ಹೋಗಿಬಿಡುತ್ತಾನೆ ಅಂತ ಮಾಲೀಕರ ಲೆಕ್ಕ. ಆ ಹುಡುಗ ಮೂರೇ ತಿಂಗಳಿಗೆ ಬಿಟ್ಟ. ತಾನು ಮಾಡಿದ್ದು ಪಂಪಿಗೋ ಟ್ರ್ಯಾಕ್ಟರಿಗೋ ಅಂತಲೂ ತಿಳಿಯದ ಕಡೆ ಯಾರು ನಿಲ್ಲುತ್ತಾರೆ ಹೇಳಿ?

ಸೋಪು, ಬಿಸ್ಕತ್ತು ಮಾಡುವ ಕಂಪನಿಯಾದರೆ ಹೆಸರು ಹೇಳಿದರೆ ಸಾಕು. ಕಂಪನಿಗಳಿಗೇ ಮಾಲು ಕೊಡುವ ಕಂಪನಿ ಪಕ್ಕದ ಬೀದಿಗೂ ಗೊತ್ತಿರಲ್ಲ. ಹೆಣ್ಣು ಕೇಳಲು ಹೋದಾಗ ‘ಹುಡುಗ ಎಲ್ಲಿದ್ದಾನೆ?’ ಅಂದರೆ ಅವರಪ್ಪ ತಡವರಿಸಬೇಕು.

ನಿಮ್ಮೂರಲ್ಲೇ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತಲ್ಲ, ಅದು ಮಾಡುತ್ತಿದ್ದದ್ದು ಲೇತ್, ಅಂದರೆ ಲೋಹ ಕಡೆಯುವ ಯಂತ್ರ. ಮನೆಗೆ ಯಾರೂ ಲೇತ್ ಕೊಳ್ಳಲ್ಲ. ಆದರೂ ‘ಮಗ ಕಿರ್ಲೋಸ್ಕರಲ್ಲಿದ್ದಾನೆ’ ಅಂದರೆ ಊರು ತಲೆದೂಗುತ್ತಿತ್ತು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು, ಅಲ್ಲಿ ಪಳಗಿದವರು ಅಂದರೆ ಇವತ್ತಿಗೂ ಒಂದು ತೂಕ.

ನಿಮಗಿರುವ ಗಿರಾಕಿಗಳು ನಾಲ್ಕೋ ಐದೋ. ಮಾಲು ರಿಜೆಕ್ಟ್ ಆಗಿ ಬಂದಾಗ ಹುಡುಗನನ್ನು ಬೈಯುವ ಬದಲು ಕಾರಿನಲ್ಲಿ ಕೂರಿಸಿಕೊಂಡು ಗಿರಾಕಿಯ ಅಸೆಂಬ್ಲಿ ಲೈನಿಗೆ ಕರೆದೊಯ್ಯಿರಿ. ಅಲ್ಲಿನ ಎಂಜಿನಿಯರ್ ಜೊತೆ ಅವನೇ ಮಾತಾಡಲಿ. ಮುಂದಿನ ಸಲ ಆ ಎಂಜಿನಿಯರ್ ನಿಮಗಿಂತ ಮೊದಲು ಅವನಿಗೇ ಫೋನ್ ಮಾಡುತ್ತಾರೆ. ಅದು ನಿಮಗೆ ಹೆದರಿಕೆ, ಅವನಿಗೆ ಉಳಿಯಲು ಕಾರಣ. ವರ್ಷ ತುಂಬಿದವನಿಗೆ ಯಂತ್ರದ ಸೆಟ್ಟಿಂಗ್ ಬಿಟ್ಟುಕೊಡಿ, ಪ್ರೋಗ್ರಾಮಿಂಗ್ ಕಲಿಸಿ. ಅಪ್ರೆಂಟಿಸ್ ತೆಗೆದುಕೊಂಡರೆ ಸ್ಟೈಪೆಂಡಿನ ಒಂದು ಪಾಲನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆ 2016ರಿಂದ ಇದೆ. ಸುಮ್ನೆ ಕಾಗದಪತ್ರದ ತಲೆನೋವು ಅಂತ ಎಷ್ಟು ಜನ ಅತ್ತ ತಿರುಗಿಯೂ ನೋಡಿಲ್ಲ!

ದಾವಣಗೆರೆಯದೂ ಇದೇ ಕಥೆ. 1951ರಿಂದ ಬಿಡಿಟಿ ಎಂಜಿನಿಯರಿಂಗ್ ಕಾಲೇಜಿದೆ, 1979ರಿಂದ ಬಿಐಇಟಿ ಎಂಜಿನಿಯರಿಂಗ್ ಕಾಲೇಜೂ ಇದೆ. ವರ್ಷವರ್ಷವೂ ಎಂಜಿನಿಯರುಗಳು ಹೊರಬರುತ್ತಾರೆ, ಬೆಂಗಳೂರಿನ ರೈಲು ಹತ್ತುತ್ತಾರೆ. ನಮ್ಮ ಉದ್ಯಮಿಗಳು ಕಾಲೇಜಿಗೆ ಹೋಗುವುದು ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿಕೊಳ್ಳಲು. ಕೊನೆಯ ವರ್ಷದ ಹುಡುಗರನ್ನು ಒಂದು ದಿನ ಶಾಪ್‌ಫ್ಲೋರಿಗೆ ಕರೆದು ತೋರಿಸಿದವರು ಎಷ್ಟು ಜನ? ಹುಡುಗಿಯರನ್ನಂತೂ ಕೇಳಲೇಬೇಡಿ. ಶೌಚಾಲಯ ಇಲ್ಲ ಅಂತ ಹೇಳಿ ವಾಪಸ್ ಕಳಿಸುತ್ತಾರೆ, ಕಟ್ಟಿಸಲ್ಲ.

ನೀವು ನಮ್ಮ ಹಳೆಯ ಓದುಗರು, ಸಲುಗೆಯಿಂದ ಹೇಳಿದೆ. ಮೊದಲು ಆ ಅಂಕಪಟ್ಟಿಗಳನ್ನು ವಾಪಸ್ ಕೊಡಿ. ಆಮೇಲೂ ಹುಡುಗರು ಹೊರಟರೆ ಯಾಕೆ ಅಂತ ಅವರನ್ನೇ ಕೇಳಿ, ಅವರು ಹೇಳಿದ್ದನ್ನು ಬರೆದು ಕಳಿಸಿ. ಅದನ್ನೂ ಅಚ್ಚು ಹಾಕುತ್ತೇವೆ.
– ಸಂ.