ಇಸಿಜಿ ನಾರ್ಮಲ್ ಇದೆ, ಆದರೂ ಆಗಾಗ ಎದೆ ಡವಡವ, ಸತ್ತೇ ಹೋಗ್ತೀನೇನೋ ಅನ್ನುವ ಭಯ. ಇದು ಆತಂಕದ ಕಾಯಿಲೆಯಾ?

ಇರಬಹುದು. ದಿಢೀರನೆ ಎದೆ ಬಡಿತ, ಬೆವರು, ನಡುಕ ಶುರುವಾಗಿ, ಉಸಿರು ಕಟ್ಟಿದಂತಾಗಿ, ಕೆಲವೇ ನಿಮಿಷಗಳಲ್ಲಿ ಜೋರಾಗಿ ಆಮೇಲೆ ತಾನೇ ಇಳಿಯುವುದು ಪ್ಯಾನಿಕ್ ಅಟ್ಯಾಕ್‌ನ ಲಕ್ಷಣ. ಒಮ್ಮೆ ಬಂದು ಹೋದರೆ ಅದು ಕಾಯಿಲೆಯಲ್ಲ. ಮತ್ತೆ ಮತ್ತೆ ಬಂದು, ಇನ್ನೊಮ್ಮೆ ಬಂದರೆ ಅನ್ನುವ ಹೆದರಿಕೆಯಲ್ಲೇ ತಿಂಗಳು ಕಳೆದರೆ, ಬಸ್ಸು, ಸಂತೆ, ಮದುವೆಮನೆ ಅಂತ ಒಂದೊಂದೇ ಬಿಡುತ್ತಾ ಹೋದರೆ, ಮನೋವೈದ್ಯರನ್ನು ನೋಡಲೇಬೇಕು. ಅಟ್ಯಾಕ್ ಇಲ್ಲದಿದ್ದರೂ 6 ತಿಂಗಳಿಂದ ಹೆಚ್ಚಿನ ದಿನ ಚಿಂತೆಯೇ ಆಗಿ ನಿದ್ದೆ, ಕೆಲಸ ಕೆಟ್ಟಿದ್ದರೂ ಅಷ್ಟೇ.

ಥೈರಾಯ್ಡ್ ಜಾಸ್ತಿಯಾದರೂ, ರಕ್ತ ಕಡಿಮೆಯಿದ್ದರೂ ಹೀಗಾಗುತ್ತದೆ. ಮೊದಲು ರಕ್ತ ಪರೀಕ್ಷೆ ಮಾಡಿಸಿ. ಎಷ್ಟೋ ಜನ ಗ್ಯಾಸ್ಟ್ರಿಕ್ ಅಂತ ಸುಮ್ನೆ ವರ್ಷಗಟ್ಟಲೆ ಮಾತ್ರೆ ನುಂಗುತ್ತಾರೆ, ನೋಡಿದರೆ ಸಂಕಟವಾಗುತ್ತದೆ. ಆತಂಕದ ಕಾಯಿಲೆಗೆ ಒಳ್ಳೆಯ ಚಿಕಿತ್ಸೆ ಇದೆ: ಸಿಬಿಟಿ ಎಂಬ ಮಾತಿನ ಚಿಕಿತ್ಸೆ, ಬೇಕಾದರೆ ಮಾತ್ರೆ. ಮಾತ್ರೆಯ ಗುಣ ಕಾಣಲು ಕೆಲವು ವಾರ ಬೇಕು, ನಡುವೆ ನೀವೇ ನಿಲ್ಲಿಸಬೇಡಿ.

ಎಲ್ಲಿಗೆ ಹೋಗಬೇಕೋ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬರುತ್ತಿದ್ದರೆ ಇವತ್ತೇ ಮಾಡಿ. ಆದರೆ ಎದೆನೋವು ಕೈಗೋ ದವಡೆಗೋ ಹರಡಿದರೆ ಆತಂಕ ಅಂದುಕೊಂಡು ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.